ಉಪ್ಪಿಗೆ ಕೊಡಲ್ಪಟ್ಟ ಜವುಗು: ಅಘನಾಶಿನಿ ಕೊಳ್ಳದಲ್ಲಿ ನಿಂತು ಯೆಹೆಜ್ಕೇಲ 47ನ್ನು ಓದುವುದು

ದೇವಾಲಯದ ಹೊಸ್ತಿಲಿನ ಕೆಳಗಿಂದ ಹೊರಟು ಮೂಡಣಕ್ಕೆ ಹರಿದು ಸತ್ತ ಸಮುದ್ರವನ್ನು ಸ್ವಸ್ಥಗೊಳಿಸುವ ನದಿಯ ದರ್ಶನವು ನಮ್ಮ ಪ್ರಸಂಗಪೀಠಗಳಿಗೆ ಚಿರಪರಿಚಿತವಾದದ್ದು. ಕಥೋಲಿಕ ಸಭೆಯ ವಾಚನಕ್ರಮದಲ್ಲಿ ಇದನ್ನು ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರದಂದೂ ನವೆಂಬರ್ 9ರಂದು ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠೆಯ ಹಬ್ಬದಲ್ಲಿಯೂ ಓದಲಾಗುತ್ತದೆ. ಆದರೆ ಎರಡೂ ದಿನ ವಾಚಕನು 9ನೆಯ ವಚನದಿಂದ ನೇರವಾಗಿ 12ನೆಯ ವಚನಕ್ಕೆ ದಾಟುತ್ತಾನೆ. ನಡುವೆ ಬಿಟ್ಟುಹೋಗುವ ಎರಡು ವಚನಗಳ ಪೈಕಿ ಒಂದರಲ್ಲಿ ಏನ್‌ಗೆದಿಯಿಂದ ಏನ್‌ಎಗ್ಲಯಿಮಿನ ತನಕ ದಡದುದ್ದಕ್ಕೂ ನಿಂತ ಬೆಸ್ತರಿದ್ದಾರೆ. ಇನ್ನೊಂದರಲ್ಲಿ, ಸಿಹಿಯಾಗದೆ ಉಪ್ಪಿಗೆಂದೇ ಉಳಿಯುವ ಕೆಸರುಭೂಮಿಯೂ ಜವುಗೂ ಇವೆ. ಪ್ರೊಟೆಸ್ಟೆಂಟ್ ಸಭಾಪಾಲಕರಾದ ನಾವೂ ಹೆಮ್ಮೆಪಡುವಂತಿಲ್ಲ. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಹರಡು, ಮೊಣಕಾಲು, ಸೊಂಟ ಎಂದು ಆಳಕ್ಕಿಳಿದು, ಪವಿತ್ರಾತ್ಮನ ತುಂಬುವಿಕೆಯಲ್ಲಿ ಮುಗಿದುಬಿಡುತ್ತವೆ, ಜವುಗಿನವರೆಗೆ ನಡೆಯುವುದಿಲ್ಲ.

ಈ ಎರಡು ವಚನಗಳನ್ನು ಉತ್ತರ ಕನ್ನಡದ ಅಘನಾಶಿನಿ ಕೊಳ್ಳದ ಜನರ ಪ್ರಯತ್ನಗಳ ಪಕ್ಕದಲ್ಲಿಟ್ಟು ಓದಬೇಕೆಂಬುದು ನಮ್ಮ ಉದ್ದೇಶ.

ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಯ ಕಡೆಗಳಿಂದ ಬರುವ ಹೊಳೆಗಳು ಕೂಡಿ ಅಘನಾಶಿನಿಯಾಗುತ್ತವೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟದ ಕಾಡುಗಳ ನಡುವೆ ಹಾದು, ಸುಮಾರು 120 ಕಿಲೋಮೀಟರ್ ಹರಿದ ಮೇಲೆ ಅದು ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅಳಿವೆಯಲ್ಲಿ ಮಳೆನೀರೂ ಭರತದ ಉಪ್ಪುನೀರೂ ಋತುವಿಗೆ ತಕ್ಕಂತೆ ಬೆರೆಯುತ್ತವೆ. ಮಳೆಗಾಲದಲ್ಲಿ ಗಜನಿ ಭೂಮಿಯ ಉಪ್ಪು ತೊಳೆದುಹೋದಾಗ ರೈತರು ಕಗ್ಗ ಎಂಬ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ನುಗ್ಗಿ ಸೀಗಡಿಗೂ ಮೀನಿಗೂ ನೆಲೆಯಾಗುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಬಲೆ, ಜವುಗು, ಉಪ್ಪು ಈ ಮೂರೂ ಪ್ರವಾದಿಯ ಆ ಎರಡು ವಚನಗಳಲ್ಲಿರುವವೇ.

ಇಲ್ಲೊಂದು ಸಂಗತಿಯನ್ನು ತುಸು ನಿಂತು ನೋಡಬೇಕು. ನೆರೆಯ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟಾದ ಮೇಲೆ, ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಹರಿಯತೊಡಗಿತು. ಅಲ್ಲಿ ಉಪ್ಪಿನಂಶ ಕುಸಿಯಿತು. ಅದನ್ನೇ ನೆಚ್ಚಿದ್ದ ಬಳಚು ಕ್ಷೀಣಿಸಿತು, ಮೀನಿನ ವೈವಿಧ್ಯ ಕುಗ್ಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ಇದನ್ನು ತೋರಿಸಿಕೊಟ್ಟಿದ್ದಾರೆ. ಅಂದರೆ ಅಳಿವೆಯನ್ನು ಹಾಳುಗೆಡವಲು ವಿಷವೇ ಬೇಕೆಂದಿಲ್ಲ, ಅಕಾಲದಲ್ಲಿ ಬಂದ ಸಿಹಿನೀರೂ ಸಾಕು. ಮೇಲಿನಿಂದ ನೀರನ್ನು ತೀರ ಕಡಿಮೆ ಮಾಡಿದರೆ ಕಡಲಿನ ಉಪ್ಪು ಒಳನುಗ್ಗಿ ಬೇರೆ ಬಗೆಯ ಹಾನಿಯಾಗುತ್ತದೆ. ಕೊಳ್ಳವನ್ನು ಕಾಯುವುದೆಂದರೆ ಘಟ್ಟದ ತಲೆಯ ಕಾಡಿನಿಂದ ಅಳಿವೆಯ ಕೆಸರಿನವರೆಗಿನ ಈ ಅಳತೆಯನ್ನು ಕಾಯುವುದು.

ಅಲ್ಲಿಯ ಜನ ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಪಕ್ಕದ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರಸಂಕಿರಣ ನಡೆಸಿತು. ಮುಳುಗಲಿರುವ ತೋಟ ಮತ್ತು ಕಾಡುಗಳ ಬೆಲೆ ಯೋಜನೆಯ ಲೆಕ್ಕದಲ್ಲಿ ಸೇರಿಲ್ಲವೆಂದು ಲೆಕ್ಕದಿಂದಲೇ ತೋರಿಸಿತು. ಯೋಜನೆ ನಿಂತಿತು. ಅಡಿಕೆ ಮಾರುವ ಒಂದು ಸಂಘ ಈ ಕೆಲಸ ಮಾಡಿತೆಂಬುದನ್ನು ನಮ್ಮ ಸಭಾಮಂಡಳಿಗಳು ಗಮನಿಸಬೇಕು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಅಲ್ಲಿ ಹುಟ್ಟಿತು. ತದಡಿಯಲ್ಲಿ 4000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಮೀನುಗಾರರೂ ರೈತರೂ ಒಟ್ಟಾಗಿ ವಿರೋಧಿಸಿದರು, ಅದೂ ಕೈಬಿಟ್ಟಿತು. 2024ರಲ್ಲಿ 4801 ಹೆಕ್ಟೇರ್ ವಿಸ್ತಾರದ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆದರೂ ಅಘನಾಶಿನಿಯ ನೀರನ್ನು ಮೇಲೆತ್ತಿ ವೇದಾವತಿಗೆ ಸಾಗಿಸುವ ಯೋಜನೆಯ ಮಾತು ಮತ್ತೆ ಎದ್ದಿದೆ. ನೀರು ಕಡಲು ಸೇರಿ ವ್ಯರ್ಥವಾಗುತ್ತಿದೆ ಎಂಬುದೇ ಅದರ ಪರವಾಗಿ ಕೇಳಿಬರುವ ವಾದ.

ಈ 'ವ್ಯರ್ಥ' ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹನ್ನೊಂದನೆಯ ವಚನಕ್ಕೆ ಮರಳೋಣ. ಅನೇಕ ವ್ಯಾಖ್ಯಾನಕಾರರು ಇದನ್ನು ಶಾಪದ ಶೇಷವೆಂದು, ಕೃಪೆ ಮುಟ್ಟದೆ ಉಳಿದ ಮೂಲೆಯೆಂದು ಓದುತ್ತಾರೆ. ಅದಕ್ಕೆ ಆಧಾರವಿಲ್ಲದೆ ಇಲ್ಲ. ಯೆರೆಮೀಯ 17:6ರಲ್ಲೂ ಕೀರ್ತನೆ 107:34ರಲ್ಲೂ ಉಪ್ಪುನೆಲವು ಬಂಜೆತನದ ಗುರುತು. ಮೇಲಾಗಿ ಇಲ್ಲಿ ಇಬ್ರಿಯ ಮೂಲವು ಈ ಜವುಗುಗಳು ಸ್ವಸ್ಥವಾಗವು ಎಂದೇ ಹೇಳುತ್ತದೆ, ಎಂಟು ಮತ್ತು ಒಂಬತ್ತನೆಯ ವಚನಗಳಲ್ಲಿ ನೀರು ಸ್ವಸ್ಥವಾಯಿತೆನ್ನುವ ಅದೇ ಕ್ರಿಯಾಪದವನ್ನು ನಿಷೇಧಿಸಿ. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಕ್ರಿಯಾಪದ 'ನಿತ್ತಾನು': ಅವು ಉಪ್ಪಿಗೆ ಕೊಡಲ್ಪಟ್ಟಿವೆ. 'ಬಿಡಲ್ಪಟ್ಟಿವೆ' ಎಂದು ಅನುವಾದಿಸಿದಾಗ ಕೊಡುವಾತನು ಮರೆಯಾಗುತ್ತಾನೆ. ಇದೇ ದರ್ಶನದ 43:24ರಲ್ಲಿ ಯಾಜಕರು ಸರ್ವಾಂಗಹೋಮದ ಮೇಲೆ ಉಪ್ಪು ಹಾಕಬೇಕೆಂಬ ವಿಧಿಯಿದೆ. ಯಾಜಕಕಾಂಡ 2:13 ಉಪ್ಪನ್ನು ಒಡಂಬಡಿಕೆಗೇ ಸೇರಿಸಿ ಹೇಳುತ್ತದೆ. ದೇವಾಲಯದಿಂದ ಹೊರಟ ನದಿ ಎಲ್ಲವನ್ನೂ ಸಿಹಿಯಾಗಿಸಿಬಿಟ್ಟರೆ ಅದೇ ದೇವಾಲಯದ ವೇದಿಗೆ ಉಪ್ಪು ಎಲ್ಲಿಂದ ಬರಬೇಕು? ಸ್ವತಃ ಯಾಜಕನಾದ ಪ್ರವಾದಿಗೆ ಈ ಚಿಂತೆ ಇದ್ದಿರಬೇಕೆಂದು ನಾವು ಭಾವಿಸುತ್ತೇವೆ. 'ಸ್ವಸ್ಥವಾಗವು' ಎಂಬ ಪದದ ಒರಟುತನವನ್ನು ಈ ಓದು ಪೂರ್ತಿ ಸವೆಸುವುದಿಲ್ಲ, ಸವೆಸಬೇಕಾಗಿಯೂ ಇಲ್ಲ.

ನದಿಯ ಹೆಸರಿನ ಬಗ್ಗೆ ಒಂದು ಮಾತು. 'ಅಘ'ವೆಂದರೆ ಪಾಪ, ಅಘನಾಶಿನಿ ಪಾಪವನ್ನು ನಾಶಮಾಡುವವಳು. ಸಕಲ ಪಾಪದಿಂದ ಶುದ್ಧಿಗೊಳಿಸುವುದು ಯೇಸುವಿನ ರಕ್ತವೆಂದು ನಂಬುವ ನಾವು ಈ ಹೆಸರಿನ ಮುಂದೆ ಮುಜುಗರದಿಂದ ನಿಲ್ಲುತ್ತೇವೆ. ಕೊಳ್ಳದ ಸಂರಕ್ಷಣೆಯಲ್ಲಿ ಸ್ವರ್ಣವಲ್ಲಿ ಮಠದ ಸ್ವಾಮಿಗಳು ಮುಂದಾಳಾಗಿರುವುದರಿಂದ, ಅದು ಅವರ ಕೆಲಸವೆಂದು ದೂರ ಉಳಿಯುವುದೂ ನಮಗೆ ಸುಲಭವಾಗಿದೆ. ನಾಮಾನನು ಯೊರ್ದನಿನಲ್ಲಿ ಮುಳುಗಿದಾಗ ಗುಣಪಡಿಸಿದ್ದು ನೀರಲ್ಲ, ದೇವರ ವಾಕ್ಯ ಎಂದು ನಾವು ಸರಿಯಾಗಿಯೇ ಬೋಧಿಸಿದ್ದೇವೆ. ನೀರಿಗೆ ವಿರುದ್ಧವಾಗಿ ಮಾಡುವ ಪಾಪವೊಂದಿದೆ ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಬೋಧಿಸಿಲ್ಲ. ಈ ಕರಾವಳಿಯಲ್ಲಿ ಬಲೆ ಬೀಸುವವರಲ್ಲಿ ಕ್ರೈಸ್ತರೂ ಇದ್ದಾರೆಂಬುದನ್ನು ಮರೆಯಬಾರದು.

ಇದಕ್ಕೆ ಎದುರಾಗಿ ಬರುವ ಪ್ರಶ್ನೆ ಹಗುರವಾದದ್ದಲ್ಲ. ವೇದಾವತಿಯ ಸೀಮೆ ಬರದ ಸೀಮೆ. ಚಿತ್ರದುರ್ಗದ ಕಡೆಯ ನಮ್ಮ ಸಭೆಗಳು ಮಳೆಗಾಗಿ ಪ್ರಾರ್ಥಿಸುವಾಗ, ಘಟ್ಟದಾಚೆಯ ಬಳಚಿನ ಮಾತು ಅವರಿಗೆ ಸಾಂತ್ವನವಾಗದು. ಅವರ ಬಾಯಾರಿಕೆಯನ್ನು ನಿರಾಕರಿಸಿ ಅಳಿವೆಯ ಪರ ವಾದಿಸುವ ಹಕ್ಕು ನಮಗಿಲ್ಲ. ಆದರೆ ಅಲ್ಲಿನ ಕೆರೆಗಳ ಹೂಳೆತ್ತುವ, ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವ ಕೆಲಸಕ್ಕೆ ಸಭೆಯ ಕೈ ಮತ್ತು ಕಾಣಿಕೆ ಎಷ್ಟು ಸಂದಿದೆಯೆಂದು ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು. ಬರುವ ನವೆಂಬರ್ 9ರಂದು ಈ ವಾಚನ ಬಂದಾಗ ಪ್ರಸಂಗಿಗಳು ಬಿಟ್ಟುಹೋದ ಎರಡು ವಚನಗಳನ್ನೂ ಪ್ರಸಂಗದಲ್ಲಿ ವಿವರಿಸಲಿ. ಕುಮಟೆಯಲ್ಲಾದರೆ ಬೆಸ್ತರ ಎದುರಿನಲ್ಲಿ, ಚಿತ್ರದುರ್ಗದಲ್ಲಾದರೆ ಒಣಗಿದ ಕೆರೆಯ ಏರಿಯ ಮೇಲೆ.