ತಿರುಪಿನ ಎಳೆಗಳ ಜೀರ್ಣೋದ್ಧಾರ

'ತಿರುಪು' ಎಂಬುದು ತಿರುಗಿಸು, ಹೊರಳಿಸು ಎಂಬ ಅರ್ಥವುಳ್ಳ ಹಳೆಯ ಕನ್ನಡ ಕ್ರಿಯಾಪದ. ತಿರುಗಿಸಿ ಬಿಗಿಯುವ ಮೊಳೆಗೂ ಅದೇ ಹೆಸರು ಸಂದಿರುವುದು ಸಮಂಜಸವಾಗಿದೆ. ಅದರ ಮೈಮೇಲೆ ಸುರುಳಿಯಾಗಿ ಸುತ್ತಿಬಂದ ಎಳೆಯನ್ನು ಕಾರ್ಖಾನೆಯವರು ಥ್ರೆಡ್ ಎನ್ನುವರು. ನೀರೆತ್ತುವ ಪಂಪಿನಿಂದ ಹಿಡಿದು ಮೋಟಾರು ವಾಹನದವರೆಗೆ ಯಂತ್ರದ ಅಂಗಾಂಗಗಳನ್ನು ಹಿಡಿದಿಟ್ಟಿರುವುದು ಈ ಎಳೆಗಳೇ. ಇವು ಕೆಟ್ಟರೆ ಬೆಲೆಬಾಳುವ ಎರಕದ ಭಾಗವೇ ಗುಜರಿಗೆ ಬೀಳುವುದುಂಟು.

ತುಕ್ಕು, ಓರೆಯಾಗಿ ತೊಡಿಸುವಿಕೆ, ಅತಿಯಾದ ಬಿಗಿತ, ಅಳತೆ ಹೊಂದದ ಬೋಲ್ಟು ಇವು ಕೇಡಿಗೆ ಮುಖ್ಯ ಕಾರಣಗಳು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಎಳೆಗಳ ಪ್ರಮಾಣವನ್ನು ಸೂಚಿಸಿದನು. ಇಂದಿನ ಮೆಟ್ರಿಕ್ ಎಳೆಯ ಕೋನ 60 ಡಿಗ್ರಿ. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿನಲ್ಲಿ ಎಳೆಯಿಂದ ಎಳೆಗೆ ಸುಮಾರು 2.12 ಮಿ.ಮೀ. ಅಂತರವಿದ್ದರೆ, 12 ಮಿ.ಮೀ. ಮೆಟ್ರಿಕ್ ಬೋಲ್ಟಿನಲ್ಲಿ ಸಾಮಾನ್ಯವಾಗಿ 1.75 ಮಿ.ಮೀ. ಕಣ್ಣಿಗೆ ಒಂದೇ ಎಂಬಂತೆ ತೋರುವ ಇವುಗಳನ್ನು ಬಲಾತ್ಕಾರದಿಂದ ಕೂಡಿಸಿದರೆ ಎರಡೂ ಹಾಳಾಗುವುವು. ಆದುದರಿಂದ ಪಿಚ್ ಗೇಜಿನಿಂದ ಅಳೆದು ನೋಡುವುದೇ ಮೊದಲ ಕರ್ತವ್ಯ.

ಬೋಲ್ಟಿನ ಎಳೆ ಅಲ್ಪಸ್ವಲ್ಪ ನಜ್ಜಾಗಿದ್ದರೆ ತಂತಿಯ ಬ್ರಷ್ಷಿನಿಂದ ತುಕ್ಕು ತೆಗೆದು, ಮುಮ್ಮೂಲೆಯ ಅರದಿಂದ ತಿದ್ದಿ, ಎಣ್ಣೆಯಿಟ್ಟು ತಕ್ಕ ಅಳತೆಯ ಡೈಯನ್ನು ತಿರುಗಿಸಬೇಕು. ರಂಧ್ರದೊಳಗಿನ ಎಳೆಗೆ ಟ್ಯಾಪ್ ಬೇಕು. ಟ್ಯಾಪನ್ನು ನೆಟ್ಟಗೆ ಹಿಡಿದು, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಲೋಹದ ಚೂರು ತುಂಡಾಗಿ ಹೊರಬೀಳುವುದು. ಅವಸರಪಟ್ಟರೆ ಟ್ಯಾಪು ರಂಧ್ರದಲ್ಲೇ ಮುರಿದು, ಚಿಕ್ಕ ದೋಷ ದೊಡ್ಡ ವಿಪತ್ತಾದೀತು.

ಎಳೆಗಳು ಪೂರ್ಣವಾಗಿ ಅಳಿದಿದ್ದರೆ ಉಪಾಯಗಳೆರಡು. ಸುತ್ತಲೂ ಸಾಕಷ್ಟು ಲೋಹವಿದ್ದರೆ ರಂಧ್ರವನ್ನು ಹಿಗ್ಗಿಸಿ ದಪ್ಪನೆಯ ಬೋಲ್ಟಿಗೆ ಎಳೆ ಕೊರೆಯುವುದು ಮೊದಲನೆಯದು, 10 ಮಿ.ಮೀ. ಬೋಲ್ಟಿಗೆ, 1.5 ಮಿ.ಮೀ. ಪಿಚ್ಚಿದ್ದಲ್ಲಿ, 8.5 ಮಿ.ಮೀ. ರಂಧ್ರ ತಕ್ಕುದು. ಮೂಲ ಬೋಲ್ಟನ್ನೇ ಉಳಿಸಬೇಕಾದಾಗ ರಂಧ್ರವನ್ನು ಹಿಗ್ಗಿಸಿ, ವಿಶೇಷ ಟ್ಯಾಪಿನಿಂದ ಎಳೆ ಕೊರೆದು, ಉಕ್ಕಿನ ತಂತಿಯ ಸುರುಳಿಯನ್ನು ಒಳಗೆ ಕೂರಿಸುವುದು ಎರಡನೆಯದು. ಮೃದುವಾದ ಅಲ್ಯೂಮಿನಿಯಮ್ ಎರಕದಲ್ಲಿ ಇಂತಹ ಉಕ್ಕಿನ ಎಳೆ ಮೊದಲಿನದಕ್ಕಿಂತಲೂ ಚೆನ್ನಾಗಿ ಬಾಳುವುದುಂಟು.

ಆದರೆ ದುರಸ್ತಿಗೂ ಮೇರೆಯುಂಟು. ವಾಹನದ ಬ್ರೇಕು, ಸ್ಟಿಯರಿಂಗ್ ಮುಂತಾದೆಡೆ ಎಳೆ ಕೆಟ್ಟ ಬೋಲ್ಟನ್ನು ತಿದ್ದದೆ ಹೊಸದನ್ನೇ ಹಾಕಬೇಕು. ಕೆಟ್ಟ ಎಳೆಗೆ ನೂಲು ಸುತ್ತಿ ಬಿಗಿದಂತೆ ತೋರಿಸುವುದು ದುರಸ್ತಿಯಲ್ಲ, ವಂಚನೆ. ಅದನ್ನು ನಂಬಿ ಪ್ರಯಾಣ ಮಾಡುವವನ ಪ್ರಾಣ ಆ ಎಳೆಯ ಮೇಲೆ ನಿಂತಿರುತ್ತದೆ. ಉಳಿಸಬಹುದಾದುದನ್ನು ಉಳಿಸುವ ಜಾಣ್ಮೆ, ಬಿಡಬೇಕಾದುದನ್ನು ಬಿಡುವ ವಿವೇಕ ಇವೆರಡನ್ನೂ ಬಲ್ಲವನೇ ನಿಜವಾದ ಕುಶಲಿ.