ಎರೆ ಓಡಬಾರದು, ಉರುಳಬೇಕು

ಇಂಗ್ಲೆಂಡಿನ ರೆಡಿಂಗ್‌ಗೆ ಕೆಲಸಕ್ಕೆ ಬಂದ ಮೊದಲ ಬೇಸಿಗೆ. ಕೆನೆಟ್ ನದಿಯಲ್ಲಿ ಐದು ಶನಿವಾರ ಗಾಳ ಹಾಕಿದರೂ ನನಗೆ ಒಂದು ಬಾರ್ಬೆಲ್ ಸಿಗಲಿಲ್ಲ. ಮೀನು ಇಲ್ಲದೇ ಇರಲಿಲ್ಲ. ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ನೋಡಿದರೆ ಜಲ್ಲಿಕಲ್ಲಿನ ತಳದಲ್ಲಿ ನಾಲ್ಕೈದು ಮೀನು ಹರಿವಿಗೆ ಮುಖ ಮಾಡಿ ನಿಂತಿರೋದು ಕಾಣ್ತಿತ್ತು. ನನ್ನ ಎರೆ ಹತ್ತಿರ ಬಂದ ಕೂಡಲೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು, ಟ್ರಾಫಿಕ್‌ನಲ್ಲಿ ಆಂಬುಲೆನ್ಸ್‌ಗೆ ಬಿಟ್ಟ ಹಾಗೆ!

ಬಾರ್ಬೆಲ್ ನಮ್ಮ ಕಾವೇರಿಯ ಮಹಶೀರ್‌ಗೆ ದೂರದ ನೆಂಟ. ಎರಡೂ ಕಾರ್ಪ್ ಕುಟುಂಬದವು. ನಾಲ್ಕು ಮೀಸೆ, ಕೆಳಕ್ಕೆ ತಿರುಗಿದ ಬಾಯಿ, ಗಟ್ಟಿ ಮೈ. ರಭಸದ ನೀರಲ್ಲಿ ತಳಕ್ಕೆ ಅಂಟಿಕೊಂಡಂತೆ ನಿಂತು, ಕಲ್ಲುಗಳ ನಡುವೆ ಹುಳು ಹುಡುಕಿ ತಿನ್ನುತ್ತದೆ.

ಆರನೇ ಶನಿವಾರ ದಡದಲ್ಲಿ ನಾಯಿ ಜೊತೆ ಕೂತಿದ್ದ ಅಜ್ಜ ಒಬ್ಬರು ಸುಮಾರು ಹೊತ್ತು ನನ್ನನ್ನೇ ನೋಡಿ, "ನಿನ್ನ ಎರೆ ಓಡ್ತಿದೆಯಪ್ಪ. ತಳದ ನೀರು ಅಷ್ಟು ಜೋರಾಗಿ ಓಡಲ್ಲ" ಅಂದರು.

ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದವನು ನಾನು. ಹರಿಯುವ ನೀರಿನ ವೇಗ ಮೇಲ್ಭಾಗದಲ್ಲಿ ಹೆಚ್ಚು, ತಳದ ಘರ್ಷಣೆಯಿಂದ ಕೆಳಗೆ ಕಡಿಮೆ ಅಂತ ಗ್ರಾಫ್ ಬರೆದು ಮಾರ್ಕ್ಸ್ ತಗೊಂಡಿದ್ದೆ. ನದಿ ಮುಂದೆ ನಿಂತಾಗ ಅದು ನೆನಪಿಗೇ ಬಂದಿರಲಿಲ್ಲ. ನನ್ನ ದಾರ ಮೇಲಿನ ವೇಗದ ನೀರಿಗೆ ಸಿಕ್ಕಿ ಎರೆಯನ್ನು ಎಳೆದೊಯ್ಯುತ್ತಿತ್ತು. ತಳದಲ್ಲಿ ನಿಧಾನವಾಗಿ ಬರೋ ಊಟವನ್ನು ದಿನವೂ ನೋಡುವ ಮೀನಿಗೆ ಅನುಮಾನ ಬರದೆ ಇರುತ್ತದೆಯೇ?

ಉರುಳಿಸುವುದು ಹೇಗೆ?

ಇಲ್ಲಿ ಇದನ್ನು 'ರೋಲಿಂಗ್ ಮೀಟ್' ಅಂತಾರೆ. ಡಬ್ಬಿಯಲ್ಲಿ ಬರುವ ಲಂಚನ್ ಮೀಟ್ ಅನ್ನು ಹೆಬ್ಬೆರಳಿನ ತುದಿಯಷ್ಟು ತುಂಡು ಮಾಡಬೇಕು. ದೊಡ್ಡ ಕೊಕ್ಕೆಯ ಕಾಲಿಗೆ ಮಕ್ಕಳು ಆಡುವ ಪ್ಲಾಸ್ಟಿಸಿನ್ ಸುತ್ತಿ, ಅದು ಕಾಣದ ಹಾಗೆ ಮಾಂಸ ಏರಿಸಬೇಕು. ಸೀಸದ ಗುಂಡು ಬೇಡ.

ತೂಕದ ಲೆಕ್ಕವೇ ಇಲ್ಲಿ ಮುಖ್ಯ. ಎರೆ ಒಂದೇ ಕಡೆ ಕೂತುಬಿಟ್ಟರೆ ಒಂದು ಚಿಟಿಕೆ ಪ್ಲಾಸ್ಟಿಸಿನ್ ತೆಗೆಯಿರಿ. ತಳ ಮುಟ್ಟದೆ ತೇಲಿಹೋದರೆ ಒಂದು ಚಿಟಿಕೆ ಸೇರಿಸಿ. ಪ್ರತಿ ಹತ್ತು ಮೀಟರ್‌ಗೂ ನೀರು ಬದಲಾಗುತ್ತದೆ, ಹಾಗಾಗಿ ಇದನ್ನೂ ಬದಲಾಯಿಸುತ್ತಲೇ ಇರಬೇಕು.

ಹರಿವಿಗೆ ಅಡ್ಡಲಾಗಿ ಎಸೆದು, ಗಾಳದ ಕೋಲಿನ ತುದಿ ಮೇಲೆತ್ತಿ, ಆದಷ್ಟು ದಾರ ನೀರಿಗೆ ತಾಗದಂತೆ ಹಿಡಿಯಿರಿ. ನೀರಿನ ಮೇಲೆ ದಾರ ಬಿಲ್ಲಿನಂತೆ ಬಾಗಿದರೆ, ಅದನ್ನು ಎತ್ತಿ ಮೇಲ್ಹರಿವಿನ ಕಡೆಗೆ ಹಾಕಿ. ಎರೆ ಹೋದ ಕಡೆ ಕೋಲಿನ ತುದಿಯೂ ಹೋಗಲಿ. ದಾರ ತೋರುಬೆರಳ ಮೇಲಿರಲಿ. ಕಲ್ಲಿಗೆ ತಾಗಿದರೆ ಟಕ್ ಟಕ್ ಅನ್ನುತ್ತೆ. ಕಳೆಗೆ ಸಿಕ್ಕಿದರೆ ಮೆತ್ತಗೆ ಬಿಗಿಯುತ್ತೆ. ಬಾರ್ಬೆಲ್ ಕಚ್ಚಿದರೆ ಒಮ್ಮೊಮ್ಮೆ ಜೋರಾಗಿ ಎಳೆತ, ಒಮ್ಮೊಮ್ಮೆ ಎರೆ ಸುಮ್ಮನೆ ನಿಂತ ಹಾಗೆ. ಅನುಮಾನ ಬಂದರೆ ಕೋಲು ಎತ್ತಿಬಿಡಿ.

ಅವತ್ತು ಸಂಜೆಯೇ ನನ್ನ ಮೊದಲ ಬಾರ್ಬೆಲ್ ಬಂತು.

ಆ ಹತ್ತು ನಿಮಿಷ

ಇನ್ನೊಂದು ಪಾಠ ಬಾಕಿ ಇತ್ತು. ಮರುವರ್ಷ 2022ರ ಜುಲೈ. ಇಂಗ್ಲೆಂಡಿನಲ್ಲಿ ಮೊದಲ ಸಲ 40 ಡಿಗ್ರಿ ದಾಟಿದ ಬೇಸಿಗೆ ಅದು. ಸೆಖೆಯ ಒಂದು ಸಂಜೆ ದೊಡ್ಡ ಮೀನು ಸಿಕ್ಕಿತು. ಬಾರ್ಬೆಲ್ ಶಕ್ತಿ ಪೂರ್ತಿ ಮುಗಿಯುವವರೆಗೂ ಸೆಣಸುತ್ತದೆ. ಬಿಸಿ ನೀರಲ್ಲಿ ಆಮ್ಲಜನಕ ಬೇರೆ ಕಡಿಮೆ. ಇದೆಲ್ಲ ಗೊತ್ತಿದ್ದೂ ದಡಕ್ಕೆ ತಂದು, ಫೋನ್ ತೆಗೆದು, ಮೂರು ನಾಲ್ಕು ಫೋಟೊ ಹೊಡೆದೆ. ನೀರಿಗೆ ಬಿಟ್ಟ ತಕ್ಷಣ ಮೀನು ಹೊಟ್ಟೆ ಮೇಲೆ ಮಾಡಿ ಮಗುಚಿಕೊಂಡಿತು.

ಮೊಣಕಾಲುದ್ದ ನೀರಿಗಿಳಿದು, ಎರಡೂ ಕೈಯಲ್ಲಿ ನೇರ ಹಿಡಿದು, ಹರಿವಿಗೆ ಅದರ ಮುಖ ತಿರುಗಿಸಿ ನಿಂತೆ. ಕಿವಿರು ಅಲ್ಲಾಡುತ್ತಿತ್ತು, ಅಷ್ಟೇ. ಹತ್ತು ನಿಮಿಷ ಆದಮೇಲೆ ಬಾಲ ಒಮ್ಮೆ ಒದ್ದು ಕೈ ಜಾರಿಸಿಕೊಂಡು ಹೋಯಿತು. ಬದುಕಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಚೀಲದಲ್ಲಿ ಥರ್ಮಾಮೀಟರ್ ಇದೆ. ನೀರು 20 ಡಿಗ್ರಿ ದಾಟಿದ್ದರೆ ಗಾಳ ಬಿಚ್ಚದೆ ವಾಪಸ್ ಬರ್ತೀನಿ. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ನೀರಲ್ಲೇ ಇರುವ ಕೈಬಲೆ ಕಡ್ಡಾಯ. ಫೋಟೊ ಒಂದೇ, ಅದೂ ಮೀನು ಸುಧಾರಿಸಿಕೊಂಡ ಮೇಲೆ.

ನೀವೂ ಇಲ್ಲಿಗೆ ಬಂದು ಗಾಳ ಹಾಕುವ ಯೋಚನೆ ಇದ್ದರೆ: ರಾಡ್ ಲೈಸೆನ್ಸ್ ಬೇಕು, ಆ ಜಾಗದ ಪರ್ಮಿಟ್ ಬೇರೆ ಬೇಕು. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಬಾರ್ಬೆಲ್ ಹಿಡಿಯುವಂತಿಲ್ಲ.

ಊರಿಗೆ ಫೋನ್ ಮಾಡಿದಾಗ ಅಪ್ಪ, "ಹಿಡಿದ ಮೀನನ್ನ ಬಿಟ್ಬಿಡೋದಾದ್ರೆ ಯಾಕೋ ಹೋಗ್ತೀಯ?" ಅಂತ ನಕ್ಕರು. ಇದರ ಮೊಟ್ಟೆ ವಿಷ ಅಪ್ಪಾ, ಸಾರಿಗೆ ಆಗಿ ಬರಲ್ಲ ಅಂದೆ. ಆಮೇಲೆ ಮಾತು ಕಾವೇರಿಗೆ ಹೊರಳಿತು. ರಾಗಿ ಉಂಡೆಯ ಎರೆಗೆ ಸಿಗುತ್ತಿದ್ದ ಆ ದೊಡ್ಡ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ ಅಂತ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬಿಟ್ಟಿದ್ದೇ ಒಳ್ಳೇದಾಯ್ತು ಬಿಡು" ಅಂದರು.