ಮಣ್ಣಿನ ಪದರಗಳು ಹೇಳುವ ಕಾಲ

ನಮ್ಮ ಬೆಳುವಾಯಿಯಂತೆಯೇ ಮೂಡುಬಿದಿರೆಯ ನೆರೆಯದಾದ ಮೂಡುಕೊಣಾಜೆಯಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಅಲ್ಲಿ ದೊರೆತ ಸುಟ್ಟ ಮಣ್ಣಿನ ಬೊಂಬೆಗಳು ಕ್ರಿ.ಪೂ. 800-700ರವೆಂದು 2023ರಲ್ಲಿ ಸಂಶೋಧಕರು ಅಂದಾಜಿಸಿದರು. ಬರವಣಿಗೆಯಿಲ್ಲದ ವಸ್ತುವಿನ ಕಾಲವನ್ನು ತಿಳಿಯುವುದೆಂತು?

ಕದಡದ ನೆಲದಲ್ಲಿ ಕೆಳಪದರವೇ ಹಳೆಯದು. 1947ರಲ್ಲಿ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಲ್ಲುಕೊಡಲಿಯವರು, ಕಬ್ಬಿಣ ಬಳಸಿದ ಗೋರಿಗಳವರು, ಆಂಧ್ರರು ಎಂಬ ಅನುಕ್ರಮವನ್ನು ಹೀಗೆಯೇ ಕಂಡರು. ಮೇಲ್ಪದರದ ಮಡಕೆಯ ಜಾತಿ ಅರಿಕಮೇಡಿನಲ್ಲಿ ರೋಮನ್ ಸರಕಿನೊಡನೆ ಸಿಕ್ಕಿದ್ದರಿಂದ ಶತಮಾನವೂ ಗೊತ್ತಾಯಿತು. ಇದ್ದಿಲು ದೊರೆತರೆ ಇನ್ನೂ ಅನುಕೂಲ: ಮರ ಸತ್ತ ಬಳಿಕ ಅದರಲ್ಲಿನ ಕಾರ್ಬನ್-14 ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ.

ನಿಧಿಯಾಸೆಯಿಂದ ಅಗೆದರೆ ಪದರಗಳು ಕಲಸಿಹೋಗುತ್ತವೆ. ಬೊಂಬೆ ಕೈಸೇರಿದರೂ ಅದರ ಕಾಲ ತಿಳಿಯದು. ಆದುದರಿಂದ ಮಿತ್ರರೇ, ಗುಡ್ಡದಲ್ಲಿ ಹಳೆಯ ಕಲ್ಲು, ಮಡಕೆಚೂರು ಕಂಡರೆ ಕದಲಿಸದೆ ಇತಿಹಾಸದ ಅಧ್ಯಾಪಕರಿಗೆ ತಿಳಿಸೋಣ.